ಲೆಗ್ ಡೇ ಮಾಡಿದರೆ ಟೆಸ್ಟೋಸ್ಟೆರಾನ್ ಏರುತ್ತದಾ? ಹೆಂಗಸರು ಭಾರ ಎತ್ತಬಾರದಾ?

ಹೊಸ_ಸೇರ್ಪಡೆ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಇಬ್ಬರೂ ಒಟ್ಟಿಗೆ ಜಿಮ್‌ಗೆ ಸೇರಿದ್ದೇವೆ. ಇಬ್ಬರಿಗೂ ಮೂವತ್ತು ದಾಟಿದೆ, ಇಬ್ಬರಿಗೂ ಹಿಂದೆ ವ್ಯಾಯಾಮದ ಅಭ್ಯಾಸ ಇಲ್ಲ. ಟ್ರೇನರ್ ಎರಡು ಬೇರೆ ಬೇರೆ ಚಾರ್ಟ್ ಕೊಟ್ಟಿದ್ದಾರೆ.

ನನ್ನದರಲ್ಲಿ ಎಲ್ಲಕ್ಕಿಂತ ಮೊದಲು ಸ್ಕ್ವಾಟ್ (ಭಾರ ಹೊತ್ತು ಬಸ್ಕಿ). "ಕಾಲಿಗೆ ಹೊಡೆದರೆ ಹಾರ್ಮೋನ್ ಏರುತ್ತದೆ, ಅದರಿಂದ ಕೈಯೂ ಬೆಳೆಯುತ್ತದೆ" ಅಂತ. ಸೆಟ್‌ಗಳ ನಡುವೆ ಒಂದು ನಿಮಿಷಕ್ಕಿಂತ ಜಾಸ್ತಿ ಕೂರುವ ಹಾಗಿಲ್ಲ, ಕೂತರೆ ಗ್ರೋತ್ ಹಾರ್ಮೋನ್ ಇಳಿದುಹೋಗುತ್ತದಂತೆ. ಹೆಂಡತಿಯ ಚಾರ್ಟಿನಲ್ಲಿ ಟ್ರೆಡ್‌ಮಿಲ್, ಎರಡು ಕೆಜಿ ಡಂಬೆಲ್, ಅಷ್ಟೇ. ಅದಕ್ಕಿಂತ ಭಾರ ಎತ್ತಿದರೆ ಹಾರ್ಮೋನ್ ಏರುಪೇರಾಗಿ ಗಂಡಸರ ಥರ ಮೈಕಟ್ಟು ಬರುತ್ತದಂತೆ. ಅವಳು ಒಪ್ಪುತ್ತಿಲ್ಲ. "ಹನ್ನೆರಡು ಕೆಜಿ ಮಗೂನ ದಿನವಿಡೀ ಎತ್ತಿಕೊಂಡಿರುವಾಗ ಯಾರೂ ಹಾರ್ಮೋನ್ ವಿಷಯ ಎತ್ತಲಿಲ್ಲ" ಅಂತಾಳೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಮೂರನೇ_ಸೆಟ್

ನಿಮ್ಮ ಮನೆಯವರಿಗೆ ನನ್ನ ಪೂರ್ತಿ ಬೆಂಬಲ ಸರ್.

ಭಾರ ಎತ್ತಿದ ಕೂಡಲೇ ಟೆಸ್ಟೋಸ್ಟೆರಾನ್, ಗ್ರೋತ್ ಹಾರ್ಮೋನ್ ಎರಡೂ ಏರುವುದು ನಿಜ. ದೊಡ್ಡ ಸ್ನಾಯುಗಳಿಗೆ ಕೆಲಸ ಕೊಟ್ಟಷ್ಟೂ, ವಿರಾಮ ಕಡಿಮೆ ಮಾಡಿದಷ್ಟೂ ಜಾಸ್ತಿ ಏರುತ್ತವೆ. ಇಲ್ಲಿಯವರೆಗೆ ನಿಮ್ಮ ಟ್ರೇನರ್ ಹೇಳಿದ್ದು ಸರಿ. ಆದರೆ ಸುಮಾರು ಒಂದು ಗಂಟೆಯೊಳಗೆ ಎರಡೂ ಮೊದಲಿನ ಮಟ್ಟಕ್ಕೆ ಇಳಿಯುತ್ತವೆ. ಇಷ್ಟು ಹೊತ್ತಿನ ಏರಿಕೆಯಿಂದ ಸ್ನಾಯು ಬೆಳೆಯುತ್ತದಾ?

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿದ ರೀತಿ ನನಗೆ ಬಹಳ ಇಷ್ಟ. 2010ರಲ್ಲಿ ಪ್ರಕಟವಾದ ಪ್ರಯೋಗ. 12 ಯುವಕರನ್ನು ತಗೊಂಡು, ಒಬ್ಬೊಬ್ಬನ ಎರಡು ಕೈಗೂ ಬೇರೆ ಬೇರೆ ದಿನ ಬೈಸೆಪ್ಸ್ ಮಾಡಿಸಿದರು. ಒಂದು ಕೈಯ ದಿನ ಬರೀ ಕೈ ಮಾತ್ರ. ಆಗ ಹಾರ್ಮೋನ್ ಅಷ್ಟಾಗಿ ಅಲುಗಾಡುವುದಿಲ್ಲ. ಇನ್ನೊಂದು ಕೈಯ ದಿನ ಅದೇ ವ್ಯಾಯಾಮ, ಮುಗಿದ ತಕ್ಷಣ ಕಾಲಿಗೆ ಸುಸ್ತು ಹೊಡೆಯುವಷ್ಟು ಕೆಲಸ. ಆಗ ರಕ್ತದಲ್ಲಿ ಹಾರ್ಮೋನ್ ಜಿಗಿಯುತ್ತದೆ. 15 ವಾರ ಹೀಗೇ ನಡೆಯಿತು. ಎರಡೂ ಕೈ ಒಬ್ಬನವೇ ಆದ್ದರಿಂದ ಊಟ, ನಿದ್ದೆ, ವಂಶ ಯಾವುದರ ನೆಪವನ್ನೂ ಹೇಳುವ ಹಾಗಿಲ್ಲ. ಕೊನೆಗೆ ಅಳೆದಾಗ ಹಾರ್ಮೋನ್ ಏರದ ಕೈಯ ಸ್ನಾಯು ಸುಮಾರು 12% ಬೆಳೆದಿತ್ತು, ಹಾರ್ಮೋನ್ ಏರಿದ ಕೈಯದು 10%. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇಷ್ಟು ಅಂತರ ಗಣನೆಗೆ ಬರುವುದಿಲ್ಲ, ಎರಡೂ ಒಂದೇ. ಶಕ್ತಿಯಲ್ಲೂ ವ್ಯತ್ಯಾಸ ಇರಲಿಲ್ಲ.

ಒಂದು ನಿಮಿಷದ ವಿರಾಮದ ವಿಷಯ: 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಮೊದಲೇ ಪಳಗಿದ ಗಂಡಸರನ್ನು ಎರಡು ಗುಂಪು ಮಾಡಿ 8 ವಾರ ನೋಡಿದರು. ಮೂರು ನಿಮಿಷ ಕೂತವರಿಗೆ ಒಂದು ನಿಮಿಷದವರಿಗಿಂತ ಶಕ್ತಿಯೂ ಜಾಸ್ತಿ ಬಂತು, ಸ್ನಾಯುವೂ ಜಾಸ್ತಿ ಬೆಳೆಯಿತು. ಕಾರಣ ಸರಳ. ಸುಧಾರಿಸಿಕೊಂಡವನು ಮುಂದಿನ ಸೆಟ್‌ನಲ್ಲಿ ಇನ್ನೆರಡು ಸಲ ಜಾಸ್ತಿ ಎತ್ತುತ್ತಾನೆ. ಆರಾಮಾಗಿ ಕೂತ್ಕೊಳ್ಳಿ ಸರ್.

ಕಬ್ಬಿಣ_ಪ್ರೇಮಿ

ಗುರುಗಳೇ, ಒಂದು ತಕರಾರು ಇದೆ. ಆ ಪ್ರಯೋಗದಲ್ಲಿ ಕಾಲಿನ ಕೆಲಸ ಮಾಡಿಸಿದ್ದು ಕೈ ಆದ ಮೇಲೆ. 2011ರಲ್ಲಿ ನಾರ್ವೆಯವರು ಕಾಲು ಮೊದಲು, ಕೈ ಆಮೇಲೆ ಅಂತ ತಿರುಗಿಸಿ ನೋಡಿದರು. ಆಗ ಹಾರ್ಮೋನ್ ಏರಿದ ಕೈಗೇ ಲಾಭ ಕಂಡಿತು. ಅದನ್ಯಾಕೆ ಬಿಟ್ಟಿರಿ?

ಇನ್ನೊಂದು. ಹಾರ್ಮೋನ್‌ಗೆ ಬೆಲೆಯೇ ಇಲ್ಲ ಅಂದರೆ ಇಂಜೆಕ್ಷನ್ ತಗೊಳ್ಳೋರು ಹೇಗೆ ಊದಿಕೊಳ್ಳುತ್ತಾರೆ ಹೇಳಿ ನೋಡೋಣ.

ಮೂರನೇ_ಸೆಟ್

ನಾರ್ವೆಯದ್ದು ಇದೆ, ಒಪ್ಪಿದೆ. ಅದು ತೀರಾ ಸಣ್ಣ ಗುಂಪು. ಆಮೇಲೆ 2016ರಲ್ಲಿ ಮೆಕ್‌ಮಾಸ್ಟರ್‌ನವರೇ 49 ಪಳಗಿದ ಗಂಡಸರನ್ನು 12 ವಾರ ನೋಡಿದರು. ವ್ಯಾಯಾಮದ ನಂತರ ಯಾರಿಗೆ ಎಷ್ಟು ಹಾರ್ಮೋನ್ ಏರಿತು ಅನ್ನುವುದಕ್ಕೂ, ಯಾರು ಎಷ್ಟು ಬೆಳೆದರು ಅನ್ನುವುದಕ್ಕೂ ಸಂಬಂಧ ಸಿಗಲಿಲ್ಲ. ಅದಕ್ಕೇ ನಾನು ಆ ಕಡೆ ವಾಲುತ್ತೇನೆ. ಸ್ಕ್ವಾಟ್ ಮೊದಲು ಮಾಡಿ, ಅದರಿಂದ ನಷ್ಟವೇನಿಲ್ಲ. ಕಾಲಿಗೋಸ್ಕರ ಮಾಡಿ.

ಇಂಜೆಕ್ಷನ್ ಮಾತು ಬೇರೆಯೇ. 1996ರಲ್ಲಿ ಶಲೇಂದರ್ ಭಾಸಿನ್ ಮತ್ತವರ ತಂಡ ಮಾಡಿದ ಪ್ರಸಿದ್ಧ ಪ್ರಯೋಗ ಇದೆ. 43 ಗಂಡಸರು, 10 ವಾರ, ಕೆಲವರಿಗೆ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟೆರಾನ್. ಕೊರತೆ ಇರುವವರಿಗೆ ವೈದ್ಯರು ಸಾಮಾನ್ಯವಾಗಿ ಕೊಡುವುದರ ಸುಮಾರು ಆರು ಪಟ್ಟು. ಇಂಜೆಕ್ಷನ್ ತಗೊಂಡು ಸುಮ್ನೆ ಕೂತವರ ಕೊಬ್ಬಿಲ್ಲದ ತೂಕ ಸುಮಾರು 3 ಕೆಜಿ ಏರಿತು. ಔಷಧ ಇಲ್ಲದೆ ಬೆವರು ಸುರಿಸಿದವರದು 2 ಕೆಜಿ. ಎರಡೂ ಮಾಡಿದವರದು 6 ಕೆಜಿ. ಓದಿದಾಗ ನನಗಂತೂ ಹೊಟ್ಟೆ ಉರಿಯಿತು!

ಅಲ್ಲಿ ಹಾರ್ಮೋನ್ ವಾರಗಟ್ಟಲೆ, ಹಗಲು ರಾತ್ರಿ, ಸಹಜ ಮಿತಿಯ ಎಷ್ಟೋ ಮೇಲೆ ನಿಂತಿತ್ತು. ಸ್ಕ್ವಾಟ್ ಕೊಡುವ ಅರ್ಧ ಗಂಟೆಯ ಅಲೆ ಅದರ ಹತ್ತಿರಕ್ಕೂ ಬರುವುದಿಲ್ಲ. ಇಂಜೆಕ್ಷನ್‌ಗೆ ದೇಹ ತೆರುವ ಬೆಲೆಯನ್ನೂ ಹೇಳಿಬಿಡುತ್ತೇನೆ, ಇದನ್ನು ಓದುವ ಹುಡುಗರು ಇರಬಹುದು. ಹೊರಗಿನಿಂದ ಹಾರ್ಮೋನ್ ಬಂದರೆ ಮಿದುಳು ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ, ವೃಷಣಕ್ಕೆ ಸಂದೇಶ ಒಯ್ಯುವ ಹಾರ್ಮೋನ್‌ಗಳನ್ನು ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಕೆಲವರಿಗೆ ಸೊನ್ನೆಗೇ ಬರುತ್ತದೆ. ಬಿಟ್ಟ ಮೇಲೆ ಸರಿಹೋಗಲು ತಿಂಗಳುಗಳು ಬೇಕು, ಒಂದು ವರ್ಷ ದಾಟಿದವರೂ ಇದ್ದಾರೆ.

ದೂರದ_ಓಟ

ಹೆಂಗಸರ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ, ನಾನೇ ಬರೆಯುತ್ತೇನೆ.

ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಒಂದು ಡೆಸಿಲೀಟರ್ ರಕ್ತಕ್ಕೆ ಸುಮಾರು 300ರಿಂದ 1000 ನ್ಯಾನೋಗ್ರಾಂ. ನಮ್ಮಲ್ಲಿ 15ರಿಂದ 70. ಡಂಬೆಲ್ ಎತ್ತಿ ಈ ಅಂತರ ದಾಟುವುದು ಯಾವ ಹೆಂಗಸಿಂದಲೂ ಆಗುವುದಿಲ್ಲ. ಗಟ್ಟಿಯಾಗಿ ಕಾಲಿನ ವ್ಯಾಯಾಮ ಮಾಡಿಸಿ ರಕ್ತ ನೋಡಿದರೆ ಗಂಡಸರಲ್ಲಿ ಏರುವ ಟೆಸ್ಟೋಸ್ಟೆರಾನ್ ಮುಂದೆ ನಮ್ಮದು ಏರಿತು ಅಂತಲೂ ಗೊತ್ತಾಗುವುದಿಲ್ಲ. ಮಜಾ ಏನೆಂದರೆ, ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ವೇಗ ಮಾತ್ರ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ. ಶುರು ಮಾಡಿದಾಗ ಇದ್ದ ಶಕ್ತಿಗೆ ಹೋಲಿಸಿ ಶೇಕಡಾವಾರು ಲೆಕ್ಕ ಹಾಕಿದರೆ ನಾವು ಗಂಡಸರಷ್ಟೇ ಸುಧಾರಿಸುತ್ತೇವೆ. ತೋಳು-ಎದೆಯ ಶಕ್ತಿಯಲ್ಲಿ ಸ್ವಲ್ಪ ಮುಂದೆಯೇ. ಶುರುವಿನ ಮಟ್ಟ ಕಡಿಮೆ ಇರುವುದರಿಂದ ಒಟ್ಟು ಗಾತ್ರ ಅವರಷ್ಟಾಗುವುದಿಲ್ಲ, ಅಷ್ಟೇ. ಎರಡು ಕೆಜಿ ಡಂಬೆಲ್ ಕೊಟ್ಟವರಿಗೆ ಇದನ್ನು ತೋರಿಸಿ.

ನಮ್ಮ ಹಾರ್ಮೋನ್ ನಿಜವಾಗಿಯೂ ಕೆಡುವ ದಾರಿ ಬೇರೆ ಇದೆ. ನನಗೇ ಆಗಿದೆ. ಮ್ಯಾರಥಾನ್‌ಗೆ ತಯಾರಿ ನಡೆಸುತ್ತಿದ್ದಾಗ ಮುಟ್ಟು ನಿಂತುಹೋಯಿತು. ಕೋಚ್‌ಗೆ ಹೇಳಿದೆ. "ಒಳ್ಳೇದೇ ಆಯ್ತಲ್ಲ, ಫಿಟ್ ಆಗ್ತಿದ್ದೀಯ ಅಂತ ಅರ್ಥ" ಅಂದರು. ಆಮೇಲೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಬೆರಳಿಟ್ಟರೆ ಜೀವ ಹೋಗುವಂಥ ನೋವು. ಎಂಆರ್‌ಐನಲ್ಲಿ ಬಿರುಕು. ಆ ಡಾಕ್ಟರ್ ಕಾಲು ನೋಡುವ ಮೊದಲು ಕೇಳಿದ್ದು ಎರಡೇ: "ಕೊನೇ ಮುಟ್ಟು ಯಾವಾಗ? ದಿನಕ್ಕೆ ಎಷ್ಟು ತಿಂತೀಯಮ್ಮ?"

ಓಟಕ್ಕೆ ಖರ್ಚಾದದ್ದು ಕಳೆದು ದೇಹಕ್ಕೆ ಉಳಿಯುವ ಕ್ಯಾಲೊರಿಯೇ ಇಲ್ಲಿ ಮುಖ್ಯ. ಆನ್ ಲೌಕ್ಸ್ ಅನ್ನುವ ವಿಜ್ಞಾನಿ 2003ರಲ್ಲಿ ತೋರಿಸಿದ್ದು ಇದು: ಕೊಬ್ಬು ಬಿಟ್ಟು ಉಳಿದ ತೂಕದ ಪ್ರತಿ ಕೆಜಿಗೆ ದಿನಕ್ಕೆ 30 ಕ್ಯಾಲೊರಿಗಿಂತ ಕೆಳಗೆ ಇಳಿಸಿದರೆ, ಬರೀ ಐದು ದಿನದಲ್ಲಿ ಮಿದುಳಿನಿಂದ ಹೊರಡುವ ಎಲ್‌ಎಚ್ ಮಿಡಿತ ತಪ್ಪುತ್ತದೆ. ಆ ಮಿಡಿತ ತಪ್ಪಿದರೆ ಅಂಡಾಶಯಕ್ಕೆ ಸಂದೇಶ ಇಲ್ಲ, ಈಸ್ಟ್ರೋಜನ್ ಇಳಿಯುತ್ತದೆ, ಮೂಳೆ ಸವೆಯುತ್ತದೆ. 55 ಕೆಜಿ ತೂಕದ, ಕೊಬ್ಬು ಕಳೆದರೆ 42 ಕೆಜಿ ಇರುವ ಹುಡುಗಿಯ ಲೆಕ್ಕ ಹಾಕಿ. 42ಕ್ಕೆ 30 ಅಂದರೆ 1260. ಓಟಕ್ಕೆ 500 ಸೇರಿಸಿ, 1760. ಇದು ಜಾರಿಬೀಳುವ ಅಂಚು. ಕೆಜಿಗೆ 45ರ ಲೆಕ್ಕದಲ್ಲಿ ಆರಾಮಾಗಿರಲು 2390 ಬೇಕು. ತೂಕ ಇಳಿಸಲು 1200 ಕ್ಯಾಲೊರಿ ಅಂತ ಬರೆದ ಚೀಟಿ ಹಿಡಿದುಕೊಂಡು ಅದೇ ದಿನ ಹತ್ತು ಕಿಲೋಮೀಟರ್ ಓಡುವವರು ಎಷ್ಟು ಜನ ಇದ್ದಾರೆ ಅಂತ ನೆನೆದರೆ ಭಯ ಆಗುತ್ತದೆ.

ಸುಮ್ನೆ_ಓದುಗ

ಅಕ್ಕಾ, ಗಂಡಸರಿಗೆ ಹೀಗೇನೂ ಆಗಲ್ವಾ?

ಪೆಡಲ್_ಪ್ರಿಯ

ಆಗುತ್ತದೆ ತಮ್ಮ. ನಮಗೆ ತಿಂಗಳಿಗೊಮ್ಮೆ ಸೂಚನೆ ಸಿಗುವುದಿಲ್ಲ, ಹಾಗಾಗಿ ತಡವಾಗಿ ಗೊತ್ತಾಗುತ್ತದೆ. ವರ್ಷಗಟ್ಟಲೆ ವಾರಕ್ಕೆ ಬಹಳ ದೂರ ಓಡುವ, ಸೈಕಲ್ ತುಳಿಯುವ ಕೆಲವು ಗಂಡಸರಲ್ಲಿ ವಿಶ್ರಾಂತಿಯಲ್ಲಿದ್ದಾಗಲೂ ಟೆಸ್ಟೋಸ್ಟೆರಾನ್ ಕಡಿಮೆ ಇರುತ್ತದೆ. ಇದರ ಬಗ್ಗೆ ಆಂಥನಿ ಹ್ಯಾಕ್ನಿ ಅನ್ನುವವರು ದಶಕಗಳಿಂದ ಕೆಲಸ ಮಾಡಿದ್ದಾರೆ. ಹೆಂಗಸರ ತೊಂದರೆಗೆ 1992ರಲ್ಲೇ ಒಂದು ಹೆಸರು ಇಟ್ಟಿದ್ದರು. ಗಂಡಸರನ್ನೂ ಸೇರಿಸಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದನ್ನು ರೆಡ್-ಎಸ್ (ಕ್ರೀಡೆಯಲ್ಲಿ ದೇಹಕ್ಕೆ ಬೇಕಾದಷ್ಟು ಶಕ್ತಿ ಸಿಗದ ಸ್ಥಿತಿ) ಅಂತ ಕರೆದದ್ದು 2014ರಲ್ಲಿ.

ಸಂಕೋಚ ಬಿಟ್ಟು ಹೇಳುತ್ತೇನೆ. ಬೆಳಗಿನ ನಿಮಿರುವಿಕೆ ನಿಂತಿತು, ಆಸಕ್ತಿಯೇ ಹೋಯಿತು, ಮಲಗಿದರೂ ಆಯಾಸ ಹೋಗದು. ಒಂದು ಕ್ಲಿನಿಕ್‌ನಲ್ಲಿ ರಿಪೋರ್ಟ್ ನೋಡಿದ ತಕ್ಷಣ ಹಚ್ಚಿಕೊಳ್ಳುವ ಟೆಸ್ಟೋಸ್ಟೆರಾನ್ ಜೆಲ್ ಬರೆದುಕೊಟ್ಟರು. ವಾರಕ್ಕೆ ಎಷ್ಟು ತುಳಿಯುತ್ತೀರಿ, ಏನು ತಿನ್ನುತ್ತೀರಿ ಅಂತ ಒಂದು ಮಾತೂ ಕೇಳಲಿಲ್ಲ. ಇನ್ನೊಬ್ಬರು ಹಾರ್ಮೋನ್ ತಜ್ಞರು ಆ ಚೀಟಿಯನ್ನು ಪಕ್ಕಕ್ಕಿಟ್ಟು, ತುಳಿಯುವುದು ಅರ್ಧ ಮಾಡಿ, ಊಟ ಜಾಸ್ತಿ ಮಾಡಿ, ಆಮೇಲೆ ಬನ್ನಿ ಅಂದರು. ಜೆಲ್ ಬೇಕಾಗಲೇ ಇಲ್ಲ.

ಬೊಜ್ಜು ಇರುವವರಿಗೆ ಮಾತ್ರ ಲೆಕ್ಕ ಉಲ್ಟಾ. ಕೊಬ್ಬಿನಲ್ಲಿರುವ ಅರೋಮಟೇಸ್ ಅನ್ನುವ ಕಿಣ್ವ ಟೆಸ್ಟೋಸ್ಟೆರಾನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಅಂಥವರು ತೂಕ ಇಳಿಸಿದರೆ ಟೆಸ್ಟೋಸ್ಟೆರಾನ್ ತಾನಾಗಿ ಏರುತ್ತದೆ.

ಸುಮ್ನೆ_ಓದುಗ

ಹಾಗಾದರೆ ಕಾರ್ಡಿಯೋ ಮಾಡಿದರೆ ಕಾರ್ಟಿಸಾಲ್ ಏರಿ ಹೊಟ್ಟೆ ಬರುತ್ತದೆ ಅಂತ ರೀಲ್ಸ್‌ನಲ್ಲಿ ಹೇಳುವುದು ನಿಜವೇ ಅಣ್ಣಾ?

ಪೆಡಲ್_ಪ್ರಿಯ

ಇಲ್ಲ. ಗಟ್ಟಿಯಾಗಿ ಮಾಡಿದಾಗ ಕಾರ್ಟಿಸಾಲ್ ಏರಬೇಕು, ಅದು ಅದರ ಕೆಲಸ. ಸಂಗ್ರಹದಲ್ಲಿರುವ ಇಂಧನವನ್ನು ರಕ್ತಕ್ಕೆ ಬಿಡುತ್ತದೆ. ಮುಗಿದ ಮೇಲೆ ಇಳಿಯುತ್ತದೆ. ಬೆಳಿಗ್ಗೆ ಏಳುವ ಹೊತ್ತಿಗೂ ಏರುತ್ತದೆ, ಹಾಗಂತ ಏಳುವುದನ್ನು ಬಿಡುತ್ತೇವಾ? ಹೊಟ್ಟೆ ಸುತ್ತ ಕೊಬ್ಬು ತರುವುದು ತಿಂಗಳುಗಟ್ಟಲೆ ಇಳಿಯದೇ ಇರುವ ಕಾರ್ಟಿಸಾಲ್, ಕುಷಿಂಗ್ ಕಾಯಿಲೆಯಲ್ಲಿ ಆಗುವ ಹಾಗೆ. ನಿಧಾನದ ನಡಿಗೆಗೆ ಅದು ಏರುವುದೂ ಇಲ್ಲ.

ನಿಧಾನ_ನಡಿಗೆ

ನನಗೆ ಪಿಸಿಒಎಸ್ (ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಇದೆ. ತೂಕ ಇಳಿಸಿದರೆ ಸರಿಹೋಗುತ್ತದೆ ಅಂದಿದ್ದರು. ವ್ಯಾಯಾಮ ಶುರು ಮಾಡಿ ಸುಮಾರು ಸಮಯ ಆಯಿತು, ತೂಕ ಇಳಿದದ್ದು ಅಷ್ಟಕ್ಕಷ್ಟೇ. ಆದರೆ ಮುಟ್ಟು ಸರಿಯಾದ ಸಮಯಕ್ಕೆ ಆಗುತ್ತಿದೆ! ಇದು ಹೇಗೆ?

ಬಿಳಿ_ಕೋಟು

ಈ ಚರ್ಚೆಯಲ್ಲಿ ಎಲ್ಲರೂ ಟೆಸ್ಟೋಸ್ಟೆರಾನ್ ಹಿಂದೆಯೇ ಓಡುತ್ತಿದ್ದೀರಿ. ವ್ಯಾಯಾಮಕ್ಕೂ ಹಾರ್ಮೋನ್‌ಗೂ ಇರುವ ದೊಡ್ಡ ನಂಟು ಇನ್ಸುಲಿನ್ ಜೊತೆ. (ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು, ವೈದ್ಯೆ ಅಲ್ಲ.)

ಸಕ್ಕರೆ ಸ್ನಾಯುವಿನ ಜೀವಕೋಶದೊಳಗೆ ಹೋಗಲು ಗ್ಲೂಟ್-4 ಅನ್ನುವ ವಾಹಕ ಬೇಕು. ಅದು ಕೋಶದ ಒಳಗಡೆ ಇರುತ್ತದೆ. ಇನ್ಸುಲಿನ್ ಬಂದಾಗ ಅಂಚಿಗೆ ಬಂದು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇನ್ಸುಲಿನ್ ಪ್ರತಿರೋಧ ಇರುವವರಲ್ಲಿ ಈ ಮುಂಬಾಗಿಲು ಬಿಗಿಯಾಗಿದೆ ಅಂದುಕೊಳ್ಳಿ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಹಂಗಿಲ್ಲದೆ ಅದೇ ಗ್ಲೂಟ್-4 ಅಂಚಿಗೆ ಬರುತ್ತದೆ, ಹಿಂಬಾಗಿಲು ತೆರೆದ ಹಾಗೆ. ಅಷ್ಟೇ ಅಲ್ಲ, ವ್ಯಾಯಾಮ ಮುಗಿದ ಮೇಲೂ 24ರಿಂದ 48 ಗಂಟೆ ಸ್ನಾಯು ಇನ್ಸುಲಿನ್ ಮಾತು ಚೆನ್ನಾಗಿ ಕೇಳುತ್ತದೆ. ಆಗ ಮೇದೋಜೀರಕ ಗ್ರಂಥಿ ಅಷ್ಟೊಂದು ಇನ್ಸುಲಿನ್ ಸುರಿಯಬೇಕಾಗಿಲ್ಲ.

ಪಿಸಿಒಎಸ್‌ನಲ್ಲಿ ಹೆಚ್ಚಾದ ಇನ್ಸುಲಿನ್ ಎರಡು ಕಡೆ ತೊಂದರೆ ಮಾಡುತ್ತದೆ. ಅಂಡಾಶಯ ಜಾಸ್ತಿ ಆಂಡ್ರೋಜನ್ (ಟೆಸ್ಟೋಸ್ಟೆರಾನ್ ಥರದ ಹಾರ್ಮೋನ್) ತಯಾರಿಸುವಂತೆ ಮಾಡುತ್ತದೆ. ಜೊತೆಗೆ, ರಕ್ತದಲ್ಲಿ ಟೆಸ್ಟೋಸ್ಟೆರಾನನ್ನು ಹಿಡಿದಿಡುವ ಒಂದು ಪ್ರೋಟೀನನ್ನು ಯಕೃತ್ತು ಕಡಿಮೆ ಮಾಡುವಂತೆ ಮಾಡುತ್ತದೆ. ನೀವು ಇನ್ಸುಲಿನ್ ಇಳಿಸಿದಿರಿ, ಹಿಂದೆಯೇ ಆಂಡ್ರೋಜನ್ ಕೂಡ ಇಳಿಯಿತು. ತೂಕದ ಮುಳ್ಳು ಅಲುಗದೆಯೂ ಇದು ಆಗಬಹುದು. ಆದರೆ ಪರಿಣಾಮ ಎರಡು ದಿನದ್ದು. ಭಾನುವಾರ ಒಂದೇ ಸಲ ಮೂರು ಗಂಟೆ ಮಾಡುವುದಕ್ಕಿಂತ ದಿನ ಬಿಟ್ಟು ದಿನ ಮಾಡುವುದು ಒಳ್ಳೆಯದು.

ಹೊಸ_ಸೇರ್ಪಡೆ

ನಾನು ಇವರ ಹೆಂಡತಿ, ಇವರ ಐಡಿಯಿಂದಲೇ ಬರೆಯುತ್ತಿದ್ದೇನೆ. ಎರಡು ಪ್ರಶ್ನೆ. ನನ್ನ ಫೋನಿನ ಒಂದು ಆ್ಯಪ್ ಋತುಚಕ್ರದ ಯಾವ ವಾರ ಭಾರ ಎತ್ತಬೇಕು, ಯಾವ ವಾರ ಬರೀ ಯೋಗ ಮಾಡಬೇಕು ಅಂತ ಹೇಳುತ್ತದೆ. ನಂಬಬಹುದಾ? ಎರಡನೆಯದು, ನಾವಿಬ್ಬರೂ ಪಕ್ಕಪಕ್ಕದಲ್ಲೇ ಓಡುತ್ತೇವೆ. ನನ್ನ ವಾಚ್‌ನಲ್ಲಿ ಹೃದಯ ಬಡಿತ ಇವರದಕ್ಕಿಂತ ಯಾವಾಗಲೂ ಜಾಸ್ತಿ. ನಾನು ಅಷ್ಟು ವೀಕಾ?

ದೂರದ_ಓಟ

ಬನ್ನಿ ಬನ್ನಿ, ನಿಮಗೋಸ್ಕರವೇ ಕಾಯುತ್ತಿದ್ದೆವು.

2020ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ. ಮುಟ್ಟಿನ ಮೊದಲ ದಿನಗಳಲ್ಲಿ ಸಾಮರ್ಥ್ಯ ಒಂಚೂರು ಇಳಿಯಬಹುದು, ಅದೂ ಲೆಕ್ಕಕ್ಕೆ ಸಿಗದಷ್ಟು. ಎಲ್ಲರಿಗೂ ಒಂದೇ ನಿಯಮ ಮಾಡುವಷ್ಟು ಆಧಾರ ಇಲ್ಲ, ಒಬ್ಬೊಬ್ಬರು ತಮ್ಮ ಅನುಭವ ನೋಡಿಕೊಳ್ಳಲಿ ಅಂದರು. ಅಂಡೋತ್ಪತ್ತಿಯ ನಂತರ ಪ್ರೊಜೆಸ್ಟರಾನ್‌ನಿಂದ ಮೈ ಬಿಸಿ 0.3ರಿಂದ 0.5 ಡಿಗ್ರಿ ಏರುತ್ತದೆ, ಸೆಕೆಯಲ್ಲಿ ದೂರ ಓಡುವಾಗ ಅದು ತಿಳಿಯಬಹುದು. ಹೊಟ್ಟೆನೋವಿದ್ದರೆ ಆ ದಿನ ಕಡಿಮೆ ಮಾಡಿ, ಇಲ್ಲದಿದ್ದರೆ ಎತ್ತಿ. ಆ್ಯಪ್‌ನಲ್ಲಿ ದಿನಾಂಕ ಮಾತ್ರ ಬರೆದಿಡಿ, ಮುಟ್ಟು ತಪ್ಪಿದರೆ ಗೊತ್ತಾಗಬೇಕಲ್ಲ. ಗರ್ಭನಿರೋಧಕ ಮಾತ್ರೆ ತಗೊಳ್ಳುವವರಿಗಂತೂ ಆ ವಾರದ ಲೆಕ್ಕವೇ ಅನ್ವಯಿಸುವುದಿಲ್ಲ, ಮಾತ್ರೆ ದೇಹದ ಸ್ವಂತ ಏರಿಳಿತವನ್ನು ಒತ್ತಿಹಿಡಿದಿರುತ್ತದೆ.

ಬಡಿತದ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಹೃದಯ ಚಿಕ್ಕದು, ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆ. ಹಿಮೋಗ್ಲೋಬಿನ್ ಗಂಡಸರಲ್ಲಿ ಸುಮಾರು 13.5ರಿಂದ 17.5, ನಮ್ಮಲ್ಲಿ 12ರಿಂದ 15.5. ಅದೇ ವೇಗಕ್ಕೆ ಅಷ್ಟೇ ಆಮ್ಲಜನಕ ಮುಟ್ಟಿಸಬೇಕು ಅಂದರೆ ಬಡಿತ ಜಾಸ್ತಿ ಆಗಲೇಬೇಕಲ್ವಾ? ನೀವು ಅವರ ವೇಗಕ್ಕೆ ಓಡುತ್ತಿದ್ದೀರಿ ಅಂದರೆ ಅವರಿಗಿಂತ ಜಾಸ್ತಿ ಕೆಲಸ ಮಾಡುತ್ತಿದ್ದೀರಿ. ಇನ್ನು ಸಮಾನ ಶ್ರಮದಲ್ಲಿ ದೂರ ಹೋಗುವಾಗ ನಾವು ಕೊಬ್ಬನ್ನು ಜಾಸ್ತಿ ಉರಿಸುತ್ತೇವೆ, ಇದರಲ್ಲಿ ಈಸ್ಟ್ರೋಜನ್ ಪಾತ್ರವೂ ಇದೆ. ಅವರವರ ಶಕ್ತಿಗೆ ತಕ್ಕ ಭಾರವನ್ನು ಬಿಟ್ಟೂಬಿಡದೆ ಹಿಡಿದು ನಿಲ್ಲುವುದರಲ್ಲೂ ನಾವೇ ಗಟ್ಟಿ.

ಮೂರನೇ_ಸೆಟ್

ಇದಕ್ಕೊಂದು ಸೇರಿಸುತ್ತೇನೆ. ಗಂಡ-ಹೆಂಡತಿ ಹೋಲಿಸಿಕೊಳ್ಳುವುದೇ ಬೇಡ. ಹೆರಿಟೇಜ್ ಅನ್ನುವ ಅಧ್ಯಯನದಲ್ಲಿ 481 ಜನರಿಗೆ 20 ವಾರ ಒಂದೇ ಥರದ ಸೈಕಲ್ ತರಬೇತಿ ಕೊಟ್ಟರು. ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ ಸರಾಸರಿ ನಿಮಿಷಕ್ಕೆ 400 ಮಿಲಿಲೀಟರ್ ಏರಿತು. ಆದರೆ ಕೆಲವರಿಗೆ ಏನೂ ಏರಲಿಲ್ಲ, ಇನ್ನು ಕೆಲವರಿಗೆ ಒಂದು ಲೀಟರ್ ದಾಟಿತು. ಗಂಡು-ಹೆಣ್ಣಿನ ವ್ಯತ್ಯಾಸಕ್ಕಿಂತ ಮನೆತನದ ವ್ಯತ್ಯಾಸ ದೊಡ್ಡದು.

ಅರವತ್ತರ_ಹುಮ್ಮಸ್ಸು

ಮಕ್ಕಳೇ, ಎಲ್ಲಾ ಓದಿದೆ. ನನಗೆ ಮುಟ್ಟು ನಿಂತು ಎಷ್ಟೋ ವರ್ಷ ಆಯಿತು. ಮೂಳೆ ಸವೆದಿದೆ, ಭಾರ ಮುಟ್ಟಲೇಬೇಡಿ ಅಂದಿದ್ದಾರೆ. ನನ್ನಂಥವರಿಗೆ ವಾಕಿಂಗ್ ಒಂದೇ ಗತಿಯೋ?

ಮೂರನೇ_ಸೆಟ್

ಅಮ್ಮಾ, ಈಸ್ಟ್ರೋಜನ್ ಇಳಿದಾಗ ಮೂಳೆ ಕರಗುವ ವೇಗ ಜಾಸ್ತಿ ಆಗುತ್ತದೆ. ಅದನ್ನು ತಡೆಯಲು ನಡಿಗೆಯ ಬಲ ಸಾಲದು. ಆಸ್ಟ್ರೇಲಿಯಾದಲ್ಲಿ ಲಿಫ್ಟ್‌ಮೋರ್ ಅನ್ನುವ ಪ್ರಯೋಗ ನಡೆಯಿತು. ಮೂಳೆ ಸವೆದಿದ್ದ, ಸರಾಸರಿ 65 ವರ್ಷದ 101 ಹೆಂಗಸರು. ಒಂದು ಗುಂಪಿಗೆ ವಾರಕ್ಕೆ ಎರಡು ಸಲ, ಅರ್ಧ ಅರ್ಧ ಗಂಟೆ, ಎಂಟು ತಿಂಗಳು ಡೆಡ್‌ಲಿಫ್ಟ್, ಸ್ಕ್ವಾಟ್, ತಲೆ ಮೇಲೆ ಭಾರ ಎತ್ತುವುದು, ಜಿಗಿದು ನೆಲಕ್ಕಿಳಿಯುವುದು. ಭಾರ ಸಣ್ಣದಲ್ಲ, ಎತ್ತಬಲ್ಲ ಗರಿಷ್ಠದ 85%ಗಿಂತ ಮೇಲೆ. ಅವರ ಬೆನ್ನುಮೂಳೆಯ ಸಾಂದ್ರತೆ ಸುಮಾರು 3% ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು 1% ಚಿಲ್ಲರೆ ಇಳಿಯಿತು.

ಆದರೆ ಅವರು ಶುರುವಿನ ಕೆಲವು ವಾರ ಹಗುರ ಭಾರದಲ್ಲಿ ಕಲಿತರು, ಪ್ರತಿ ಸಲವೂ ತಜ್ಞರು ಪಕ್ಕದಲ್ಲೇ ನಿಂತಿದ್ದರು. ನಿಮ್ಮ ರಿಪೋರ್ಟ್ ಹಿಡಿದುಕೊಂಡು ಮೂಳೆ ತಜ್ಞರನ್ನೂ ಫಿಸಿಯೋಥೆರಪಿಸ್ಟನ್ನೂ ನೋಡಿ. ಮೊದಲೇ ಬೆನ್ನುಮೂಳೆ ಮುರಿತ ಆಗಿದ್ದರೆ ದಾರಿ ಬೇರೆ. ಒಬ್ಬರೇ ಜಿಮ್‌ಗೆ ಹೋಗಿ ಬಾರ್‌ಬೆಲ್‌ಗೆ ಕೈ ಹಾಕಬೇಡಿ ಅಮ್ಮಾ.

ಕಬ್ಬಿಣ_ಪ್ರೇಮಿ

ಸರಿ, ಸೋತೆ ಅಂತ ಹೇಳಲ್ಲ, ಯೋಚನೆ ಮಾಡ್ತೀನಿ. ನನ್ನ ಟೆಸ್ಟೋಸ್ಟೆರಾನ್ ಎಷ್ಟಿದೆ ಅಂತ ನೋಡಿಬಿಡೋಣ ಅಂತ ಇದ್ದೇನೆ. ನಾಳೆ ಸಂಜೆ ಜಿಮ್ ಮುಗಿಸಿ ಹಾಗೇ ಲ್ಯಾಬ್‌ಗೆ ಹೋಗಿ ಬರ್ತೀನಿ.

ಬಿಳಿ_ಕೋಟು

ದಯವಿಟ್ಟು ಹಾಗೆ ಬರಬೇಡಿ! ಟೆಸ್ಟೋಸ್ಟೆರಾನ್ ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ಒಂದು ಸಲ ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಿದ ಮೇಲೆಯೇ ಮಾತು. ಹಿಂದಿನ ವಾರ ನಿದ್ದೆಗೆಟ್ಟಿದ್ದರೆ ಮುಂದೂಡಿ. 2011ರಲ್ಲಿ ಶಿಕಾಗೊದಲ್ಲಿ 10 ಆರೋಗ್ಯವಂತ ಹುಡುಗರನ್ನು ಒಂದು ವಾರ ದಿನಕ್ಕೆ ಐದೇ ಗಂಟೆ ಮಲಗಿಸಿದಾಗ ಹಗಲಿನ ಟೆಸ್ಟೋಸ್ಟೆರಾನ್ 10ರಿಂದ 15% ಇಳಿದಿತ್ತು.

ಜಿಮ್ ಮಾಡುವವರು ಎಲ್ಲಾ ಟೆಸ್ಟ್ ಇರುವ ಪ್ಯಾಕೇಜ್ ತಗೊಂಡು ಗಾಬರಿಯಾಗುವುದನ್ನು ದಿನಾ ನೋಡುತ್ತೇನೆ. ಅಭ್ಯಾಸ ಇಲ್ಲದೆ ಭಾರ ಎತ್ತಿದ ಮೇಲೆ ಒಂದು ವಾರದವರೆಗೂ ಸಿಕೆ, ಎಎಸ್‌ಟಿ, ಎಎಲ್‌ಟಿ ಅನ್ನುವ ಕಿಣ್ವಗಳು ಏರಿರಬಹುದು. ಅವು ಸ್ನಾಯುವಿನಿಂದ ಬಂದವು, ಆದರೆ ರಿಪೋರ್ಟ್ ನೋಡಿದವರು ಲಿವರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಕೂಡ ವ್ಯಾಯಾಮಕ್ಕೆ ಏರುತ್ತದೆ. ಹಾಗಾಗಿ ಜಿಮ್‌ಗೆ ಹೋಗುತ್ತೇನೆ ಅಂತ ಮೊದಲೇ ಹೇಳಿ.

ನಿಧಾನ_ನಡಿಗೆ

ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದೇನೆ. ಅದನ್ನೂ ಹೇಳಬೇಕಾ?

ಬಿಳಿ_ಕೋಟು

ಹೇಳಲೇಬೇಕು. ಹಾರ್ಮೋನ್ ಅಳೆಯುವ ಕೆಲವು ಯಂತ್ರಗಳ ವಿಧಾನದಲ್ಲೇ ಬಯೋಟಿನ್ ಬಳಕೆ ಇದೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಥೈರಾಯ್ಡ್, ಟೆಸ್ಟೋಸ್ಟೆರಾನ್ ಅಂಕಿ ಸುಳ್ಳು ಬರಬಹುದು. ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ರಕ್ತ ಕೊಡುವ ಲ್ಯಾಬಿನಲ್ಲೇ ಕೇಳಿ, ಅವರ ಯಂತ್ರ ಯಾವುದು ಅಂತ ಅವರಿಗೇ ಗೊತ್ತಿರುತ್ತದೆ.